ಹೆರಾಲ್ಡ್ ಕಾರಿನ ವೀಲ್ ಸ್ಟಡ್ ತುಂಡಾಗಿದೆ: ದಪ್ಪ ಸ್ಟಡ್ ಹಾಕಿಸಬೇಕೇ, ನಟ್ ಎಷ್ಟು ಬಿಗಿ ಮಾಡಬೇಕು?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಪ್ಪಯ್ಯ 1969ರಲ್ಲಿ ತಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಈಗಲೂ ಓಡುತ್ತದೆ. ತೋಟದ ಕೆಲಸಕ್ಕೆ ಹಳೇ ಮಹೀಂದ್ರ ಜೀಪೂ ಇದೆ. ಈ ಸಲ ಮಳೆಗಾಲ ಮುಗಿದ ಮೇಲೆ ಹೆರಾಲ್ಡಿನ ಡಿಸ್ಕ್‌ಗಳಿಗೆ (ಟೈರ್ ಕೂರುವ ಉಕ್ಕಿನ ಚಕ್ರಗಳಿಗೆ) ಪೇಂಟ್ ಹೊಡೆಸಿ ಹೊಸ ಟೈರ್ ಹಾಕಿಸಿದೆ. ಟೈರ್ ಅಂಗಡಿಯಲ್ಲಿ ಏರ್ ಗನ್ನಿನಿಂದ ನಟ್ ಬಿಗಿ ಮಾಡಿಕೊಟ್ಟರು. ವಾರ ಕಳೆದು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಮುಂದಿನ ಎಡಗಡೆ ಚಕ್ರದಿಂದ ಟಕ್ ಟಕ್ ಸದ್ದು ಬಂತು. ವೀಲ್ ಕ್ಯಾಪ್ ತೆಗೆದು ನೋಡಿದರೆ ಚಕ್ರವನ್ನು ಹಿಡಿಯುವ ನಾಲ್ಕು ಸ್ಟಡ್‌ಗಳಲ್ಲಿ ಒಂದು ತುಂಡಾಗಿತ್ತು, ಎರಡು ನಟ್ ಕೈಯಲ್ಲೇ ತಿರುಗುತ್ತಿದ್ದವು. ಒಬ್ಬ ಮೆಕ್ಯಾನಿಕ್ ಹಬ್ (ಸ್ಟಡ್ ಕೂತಿರುವ ನಡುಭಾಗ) ಡ್ರಿಲ್ ಮಾಡಿ ಮಾರುತಿಯ 12 ಮಿ.ಮೀ. ಸ್ಟಡ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಲೇತಿನಲ್ಲಿ ತಿರುಗಿಸಿ ಕೊಡುತ್ತೇನೆ ಎನ್ನುತ್ತಾರೆ. ಎಡಗಡೆಗೆ ಜೀಪಿನ ಹಾಗೆ ಉಲ್ಟಾ ತ್ರೆಡ್ ಇರಬೇಕಿತ್ತು, ಅದಿಲ್ಲದ್ದಕ್ಕೇ ಬಿಚ್ಚಿಕೊಂಡಿದ್ದು ಎಂದು ಪಕ್ಕದ ಮನೆಯವರ ವಾದ. ತುಕ್ಕು ಹಿಡಿಯದ ಹಾಗೆ ತ್ರೆಡ್ಡಿಗೆ ಎಣ್ಣೆ ಹಚ್ಚಬೇಕು ಎಂದೂ ಕೆಲವರು ಹೇಳುತ್ತಾರೆ. ಯಾವುದು ಸರಿ? ನಟ್ ಎಷ್ಟು ಬಿಗಿ ಇರಬೇಕು?

ಉತ್ತರ: ಮೊದಲ ಮಾತು, ಹೊಸ ಸ್ಟಡ್ ಬೀಳುವವರೆಗೆ ಆ ಕಾರನ್ನು ಅಂಗಳದಿಂದ ಹೊರಗೆ ತೆಗೆಯಬೇಡಿ. ಐದು ಸ್ಟಡ್ಡಿನ ಜೀಪಿನಲ್ಲಿ ಒಂದು ಹೋದರೆ ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ನಾಲ್ಕೇ ಸ್ಟಡ್ ಇರುವ ಮುಂದಿನ ಚಕ್ರದಲ್ಲಿ, ಅದೂ ಬ್ರೇಕ್ ಒತ್ತಿಕೊಂಡೇ ಇಳಿಯಬೇಕಾದ ಘಟ್ಟದಲ್ಲಿ, ಮೂರನ್ನು ನಂಬಬಾರದು. ಉಳಿದ ಮೂರೂ ಏಟು ತಿಂದಿರುತ್ತವೆ. ಆದ್ದರಿಂದ ಆ ಚಕ್ರದ ನಾಲ್ಕೂ ಸ್ಟಡ್, ನಾಲ್ಕೂ ನಟ್ ಹೊಸದಾಗಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ನಿಮ್ಮ ಪತ್ರದಲ್ಲಿ ಉತ್ತರದ ಅರ್ಧ ಭಾಗ ಆಗಲೇ ಇದೆ: ಹೊಸ ಪೇಂಟ್ ಮತ್ತು ಏರ್ ಗನ್. ಇವೆರಡೂ ಸೇರಿದರೆ ಹೆರಾಲ್ಡಿನಂಥ ಕಾರಿನಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಯಾಕೆಂದು ಬಿಡಿಸಿ ಹೇಳುತ್ತೇನೆ. ಕಾರಣ ಹಿಡಿಯದೆ ದಪ್ಪ ಸ್ಟಡ್ ಹಾಕಿಸಿದರೆ ಅದೂ ಸಡಿಲವಾಗುತ್ತದೆ.

ಕಾರಿನ ಭಾರ ಸ್ಟಡ್ಡಿನ ಮೇಲೆ ಕೂತಿರುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಹಾಗಲ್ಲ. ನಟ್ ತಿರುಗಿಸಿದಾಗ ಸ್ಟಡ್ ಕೂದಲೆಳೆಯಷ್ಟು ಉದ್ದಕ್ಕೆ ಎಳೆಯಲ್ಪಡುತ್ತದೆ, ರಬ್ಬರ್ ಬ್ಯಾಂಡಿನ ಹಾಗೆ ವಾಪಸ್ ಎಳೆಯುತ್ತಲೇ ಇರುತ್ತದೆ. ಆ ಎಳೆತ ಡಿಸ್ಕನ್ನು ಬ್ರೇಕ್ ಡ್ರಮ್ಮಿಗೂ ಡ್ರಮ್ಮನ್ನು ಹಬ್ಬಿಗೂ ಅಮುಕಿ ಹಿಡಿಯುತ್ತದೆ. ಭಾರ ಹೊರುವುದು, ಬ್ರೇಕಿನ ತಿರುಚು ತಡೆಯುವುದು ಈ ಅಮುಕುವಿಕೆಯಿಂದ ಹುಟ್ಟುವ ಘರ್ಷಣೆ. ಹೆರಾಲ್ಡಿನ ಸ್ಟಡ್ 3/8 ಇಂಚಿನದು, ಇಂಚಿಗೆ 24 ತ್ರೆಡ್ಡಿನ ಯು.ಎನ್.ಎಫ್. (ನಯ ತ್ರೆಡ್ಡಿನ ಇಂಚು ಮಾದರಿ) ಅಳತೆ. ಅದನ್ನು 40 ಪೌಂಡ್-ಅಡಿ, ಅಂದರೆ 54 ನ್ಯೂಟನ್-ಮೀಟರ್ ಬಿಗಿ ಮಾಡಿದರೆ ಒಂದೊಂದು ಸ್ಟಡ್ ಸುಮಾರು 2.9 ಟನ್ ಬಲದಲ್ಲಿ ಅಮುಕುತ್ತದೆ. ನಾಲ್ಕೂ ಸೇರಿ ಹನ್ನೊಂದು ಟನ್ನಿನ ಮೇಲಾಯಿತು. ಎಂಟು ಕ್ವಿಂಟಲ್ ಆಸುಪಾಸಿನ ಕಾರಿಗೆ ಇದು ಧಾರಾಳ ಸಾಕು. ಸ್ಟಡ್ ಸಣ್ಣದು ಎಂಬುದು ಇಲ್ಲಿ ಸಮಸ್ಯೆಯೇ ಅಲ್ಲ.

ಆದರೆ ಆ ಎಳೆತದ ಅಳತೆ ನೋಡಿ. ಅಮುಕಿದ ಭಾಗ 20 ಮಿ.ಮೀ. ಇದೆ ಎಂದಿಟ್ಟುಕೊಂಡರೆ ಸ್ಟಡ್ ಉದ್ದವಾಗುವುದು 0.05 ಮಿ.ಮೀ. ಮಾತ್ರ, ಸುದ್ದಿಪತ್ರಿಕೆಯ ಒಂದು ಹಾಳೆಗಿಂತ ತೆಳು. ಡಿಸ್ಕಿನ ಹಿಂಬದಿಗೆ, ನಟ್ ಕೂರುವ ಇಳಿಜಾರು ತೂತಿಗೆ ಹೊಡೆದ ಪೇಂಟೂ ಹೆಚ್ಚುಕಡಿಮೆ ಅಷ್ಟೇ ದಪ್ಪ, ಎರಡು ಕೋಟ್ ಆದರೆ ಇನ್ನೂ ಜಾಸ್ತಿ. ಚಕ್ರ ಓಡುತ್ತ, ಡ್ರಮ್ ಬಿಸಿಯಾಗುತ್ತ ಆ ಪೇಂಟ್ ಮೆತ್ತಗಾಗಿ ಹಿಂಡಿಹೋಗುತ್ತದೆ. ಹೋದಷ್ಟು ಜಾಗ ಖಾಲಿ, ಅಷ್ಟೂ ಎಳೆತ ನಾಸ್ತಿ. ನಟ್ ಒಂದಿಷ್ಟೂ ತಿರುಗದೆಯೇ ಚಕ್ರ ಸಡಿಲ! ತಿರುಗುವುದು ಆಮೇಲಿನ ಮಾತು. ಹಿಡಿತ ಹೋದ ಮೇಲೆ ಡಿಸ್ಕ್ ಒಂದೊಂದು ಸುತ್ತಿಗೂ ಚೂರು ಜರುಗುತ್ತದೆ, ನಟ್ಟಿನ ಕೋನ್, ಅಂದರೆ ಅದರ ಇಳಿಜಾರು ಮೂತಿ, ತೂತಿನೊಳಗೆ ಉರುಳುತ್ತದೆ, ನೀವು ಕೇಳಿದ ಟಕ್ ಟಕ್ ಸದ್ದು ಅಲ್ಲಿಂದಲೇ ಬರುತ್ತದೆ. ಪೇಂಟಿನ ಜಾಗದಲ್ಲಿ ತುಕ್ಕಿನ ಪದರ, ಕೆಸರು, ಕಡಲ ತೀರದ ಮರಳು ಇದ್ದರೂ ಕಥೆ ಇದೇ. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಡ್ರಮ್ ಮತ್ತು ಹಬ್ಬಿನ ನಡುವೆ ಬೆಳೆಯುವ ತುಕ್ಕಿನ ಹೊಪ್ಪಳಿಕೆ ಪೇಂಟಿಗಿಂತ ದಪ್ಪವಿರುತ್ತದೆ.

ಇನ್ನು ಏರ್ ಗನ್. ಈಗಿನ ಕಾರುಗಳಿಗೆ 100ರಿಂದ 110 ನ್ಯೂಟನ್-ಮೀಟರ್ ಸಾಮಾನ್ಯ. ಹೆದ್ದಾರಿ ಬದಿಯ ಅಂಗಡಿಗಳ ಗನ್ ಲಾರಿಯ ನಟ್ಟಿಗೂ ಬಳಕೆಯಾಗುವಂಥದ್ದು, ಅದರ ಬಲ ಇದಕ್ಕಿಂತ ಎಷ್ಟೋ ಮೇಲೆ. ಹೆರಾಲ್ಡಿನ ಸ್ಟಡ್ಡಿಗೆ 110 ಕೊಟ್ಟರೆ ಒಂದು ಚದರ ಮಿಲಿಮೀಟರಿಗೆ ಸಾವಿರ ನ್ಯೂಟನ್ ದಾಟಿದ ಸೆಳೆತ ಬೀಳುತ್ತದೆ. 8.8 ದರ್ಜೆಯ ಒಳ್ಳೆಯ ಉಕ್ಕು 640ಕ್ಕೇ ಶಾಶ್ವತವಾಗಿ ಎಳೆದುಹೋಗುತ್ತದೆ, 800ಕ್ಕೆ ತುಂಡಾಗುತ್ತದೆ. ಎಳೆದುಹೋದ ಸ್ಟಡ್ ಆಗಲೇ ಮುರಿಯದೆ ಇರಬಹುದು, ಆದರೆ ಅದರ ಸ್ಪ್ರಿಂಗ್ ಗುಣ ಹೋಯಿತು. ಮುಂದೆ ಅದು ಸರಿಯಾದ ಹಿಡಿತ ಕೊಡುವುದಿಲ್ಲ.

ನಿಮ್ಮ ಚಕ್ರದಲ್ಲಿ ಯಾವುದು ಮೊದಲು ನಡೆಯಿತು ಎಂದು ತುಂಡಾದ ಸ್ಟಡ್ಡೇ ಹೇಳುತ್ತದೆ. ಅದನ್ನು ಎಸೆದಿಲ್ಲ ತಾನೇ? ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ ಮಾಸಲು ನುಣುಪಾದ ಭಾಗ, ಅದರ ಮೇಲೆ ಇಳಿತದ ನೀರು ಮರಳಿನ ಮೇಲೆ ಬಿಟ್ಟುಹೋದಂಥ ಬಾಗಿದ ಗೆರೆಗಳು, ಕೊನೆಯಲ್ಲಿ ಸ್ವಲ್ಪವೇ ಜಾಗ ಒರಟಾಗಿ ಸಕ್ಕರೆ ಹರಳಿನಂತೆ ಹೊಳೆಯುತ್ತಿದ್ದರೆ, ಚಕ್ರ ಸಡಿಲವಾಗಿ ಓಡಿ, ಸ್ಟಡ್ ಹಿಂದೆಮುಂದೆ ಬಾಗಿ ಬಾಗಿ ದಣಿದು ಮುರಿದಿದೆ. ಮುಖವಿಡೀ ಒರಟು, ತುಂಡಾದ ಜಾಗದ ಹತ್ತಿರ ಸ್ಟಡ್ ಸೊಂಟದಂತೆ ಸಪೂರವಾಗಿದ್ದರೆ ಗನ್ನಿನ ಕೆಲಸ. ಉಳಿದ ಸ್ಟಡ್‌ಗಳ ತ್ರೆಡ್ ಮೇಲೆ ನೇರವಾದ ಸ್ಟೀಲ್ ಸ್ಕೇಲ್ ಇಟ್ಟು ನಡುವೆ ಬೆಳಕು ತೂರುತ್ತದೆಯೇ ನೋಡಿ. ತೂರಿದರೆ ಅವೂ ಎಳೆದುಹೋಗಿವೆ. ಹಾಗೆಯೇ ಉಳಿದ ಮೂರು ಚಕ್ರಗಳನ್ನೂ ಬಿಚ್ಚಿ ನೋಡಲೇಬೇಕು. ಅವುಗಳಿಗೂ ಅದೇ ಪೇಂಟ್, ಅದೇ ಗನ್.

ಉಲ್ಟಾ ತ್ರೆಡ್ಡಿನ ಮಾತಿಗೆ ಬರೋಣ. ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಜೀಪಿನ ಮಟ್ಟಿಗೆ ನಿಜ. ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ, ಅದೇ ವಂಶದ ಹಳೇ ಮಹೀಂದ್ರಗಳಲ್ಲಿ, ಎಡಗಡೆ ಚಕ್ರಗಳಿಗೆ ಎಡ ತ್ರೆಡ್ ಬರುತ್ತಿತ್ತು. ಕೋನ್ ನಟ್ ತೂತಿನೊಳಗೆ ಉರುಳಿ ಬಿಚ್ಚಿಕೊಳ್ಳುವ ದಿಕ್ಕಿಗೆ ಎದುರಾಗಿರಲಿ ಎಂಬುದು ಅದರ ಲೆಕ್ಕಾಚಾರ. ಆದರೆ ಉರುಳುವುದು ಹಿಡಿತ ಹೋದ ಮೇಲೆ. ಹಿಡಿತ ಸರಿಯಿದ್ದರೆ ಎರಡೂ ಕಡೆ ಬಲ ತ್ರೆಡ್ ಸಾಕು, ಹೆರಾಲ್ಡಿನಲ್ಲಿ ಇರುವುದೂ ಹಾಗೆಯೇ. ಎಡಗಡೆ ನಟ್ ಸಡಿಲಾಗಿದ್ದಕ್ಕೆ ತ್ರೆಡ್ಡಿನ ದಿಕ್ಕು ಕಾರಣವಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಹಬ್ ಡ್ರಿಲ್ ಮಾಡಿ ಮಾರುತಿ ಸ್ಟಡ್ ಹಾಕುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ದಪ್ಪ ಸ್ಟಡ್ಡಿಗೆ ಬಲ ಹೆಚ್ಚು ಎಂಬುದು ಸುಳ್ಳಲ್ಲ. 3/8ರ ಸ್ಟಡ್ಡಿನಲ್ಲಿ ಬಲ ಹೊರುವ ಅಡ್ಡಕೊಯ್ತ ಸುಮಾರು 57 ಚದರ ಮಿ.ಮೀ., 12 ಮಿ.ಮೀ. ಸ್ಟಡ್ಡಿನಲ್ಲಿ 92. ಆದರೆ ಕಷ್ಟ ಬೇರೆ ಕಡೆ ಇದೆ. ಸ್ಟಡ್ ಹಬ್ಬಿನಲ್ಲಿ ನಿಲ್ಲುವುದು ತಲೆಯ ಕೆಳಗಿನ ಹಲ್ಲುಹಲ್ಲಾದ ಭಾಗ, ಗ್ಯಾರೇಜಿನಲ್ಲಿ ಸ್ಪ್ಲೈನ್ ಎನ್ನುತ್ತಾರಲ್ಲ, ಅದರ ಕಚ್ಚುವಿಕೆಯಿಂದ. ಡ್ರಿಲ್ ಒಂದು ಚೂರು ದೊಡ್ಡದಾದರೆ ಸ್ಟಡ್ ಹಬ್ಬಿನೊಳಗೇ ಗಿರಗಿರ ತಿರುಗುತ್ತದೆ, ಆಗ ಹಿಂದಿನಿಂದ ವೆಲ್ಡಿಂಗ್ ಹಾಕಿಬಿಡುತ್ತಾರೆ. ಹದ ಕೊಟ್ಟ ಉಕ್ಕಿಗೆ ವೆಲ್ಡಿಂಗಿನ ಬಿಸಿ ತಗುಲಿದರೆ ಪಕ್ಕದಲ್ಲೇ ಬಿರುಕಿಗೆ ಜಾಗವಾಯಿತು. ವೆಲ್ಡ್ ಮಾಡಿದ ವೀಲ್ ಸ್ಟಡ್ ಇರುವ ಗಾಡಿಯನ್ನು ಘಟ್ಟ ಇಳಿಸಬೇಡಿ. ಕೈ ಡ್ರಿಲ್ಲಿನಲ್ಲಿ ತೂತು ಅರ್ಧ ಮಿಲಿಮೀಟರ್ ಓರೆಯಾದರೂ ನಾಲ್ಕು ನಟ್ ಒಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಡಿಸ್ಕಿನ ತೂತೂ 3/8ರ ನಟ್ಟಿನ ಕೋನ್‌ಗೆ ಮಾಡಿದ್ದು. 12ರ ನಟ್ಟಿನ ಕೋನ್ ಒಳಗೆ ಇಳಿಯದೆ ಅಂಚಿನ ಮೇಲಷ್ಟೇ ಕೂರುತ್ತದೆ, ಸ್ವಲ್ಪ ದಿನದಲ್ಲಿ ಆ ಅಂಚು ಜಜ್ಜಿಹೋಗಿ ಮತ್ತೆ ಸಡಿಲ. 948 ಸಿ.ಸಿ. ಎಂಜಿನ್ನಿನ ಕಾರಿಗೆ ಇಷ್ಟೆಲ್ಲ ರಗಳೆ ಬೇಡ.

ಇನ್ನೊಂದು ಅಪಾಯ ನಿಮ್ಮ ಮನೆಯಲ್ಲೇ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಜೀಪಿನ ಸ್ಟಡ್ 1/2 ಇಂಚು, ಇಂಚಿಗೆ 20 ತ್ರೆಡ್. ಮಾರುತಿಯದು 12 ಮಿ.ಮೀ., ತ್ರೆಡ್ ಅಂತರ 1.25. ಇಂಚಿಗೆ 20 ಅಂದರೆ 1.27 ಮಿ.ಮೀ. ಅಂತರ. ಎರಡರ ಕೋನವೂ 60 ಡಿಗ್ರಿ. 1.25ಕ್ಕೂ 1.27ಕ್ಕೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ, ಥ್ರೆಡ್ ಗೇಜ್ ಇಟ್ಟರೂ ಮೋಸ ಹೋಗಬಹುದು. ಹೀಗಾಗಿ ಜೀಪಿನ ಬಲಗಡೆ ನಟ್ ಮಾರುತಿ ಸ್ಟಡ್ಡಿನ ಮೇಲೆ ಕೈಯಲ್ಲೇ ಸಲೀಸಾಗಿ ಇಳಿದುಬಿಡುತ್ತದೆ! ಆದರೆ ಸ್ಟಡ್ 12, ನಟ್ 12.7. ಹಲ್ಲಿನ ತುದಿ ತುದಿ ಮಾತ್ರ ಕಚ್ಚಿರುತ್ತದೆ. ಬಿಗಿ ಮಾಡುವಾಗ ಸ್ಲಿಪ್ ಆದರೆ ನಿಮ್ಮ ಅದೃಷ್ಟ, ಆಗದೆ ನಿಂತು ರಸ್ತೆಯಲ್ಲಿ ಕಿತ್ತುಬಂದರೆ ಚಕ್ರವೇ ಹೋಗುತ್ತದೆ. 7/16 ಇಂಚಿನ ಸ್ಟಡ್ ಇರುವ ಹಳೇ ವಿದೇಶಿ ಕಾರುಗಳಲ್ಲಿ ಇದೇ ಬಲೆ ತಿರುಗುಮುರುಗಾಗಿ ಇದೆ. ಅದೂ ಇಂಚಿಗೆ 20 ತ್ರೆಡ್, ದಪ್ಪ 11.1 ಮಿ.ಮೀ., ಅದರ ಮೇಲೆ ಮಾರುತಿ ನಟ್ ಸಡಿಲವಾಗಿ ಕೂರುತ್ತದೆ. ಆದ್ದರಿಂದ ತ್ರೆಡ್ ಎಣಿಸಿ ಬಿಡಬೇಡಿ, ವರ್ನಿಯರ್ ಹಿಡಿದು ಸ್ಟಡ್ಡಿನ ಹೊರಮೈ ದಪ್ಪ ಅಳೆಯಿರಿ. 9.5 ಬಂದರೆ 3/8, 11ರ ಹತ್ತಿರ ಬಂದರೆ 7/16, 12ಕ್ಕೆ ಕೂದಲೆಳೆ ಕಡಿಮೆ ಬಂದರೆ ಮೆಟ್ರಿಕ್, 12.6ರ ಆಸುಪಾಸು 1/2. ನಟ್ಟನ್ನು ಮೂರು ಸುತ್ತು ಹಾಕಿ ಬೆರಳಲ್ಲಿ ಅಲ್ಲಾಡಿಸಿಯೂ ನೋಡಿ. ಸರಿಯಾದ ನಟ್ ಹೆಚ್ಚು ಲಟಗುಟ್ಟುವುದಿಲ್ಲ. ಕೊಟ್ಟಿಗೆಯಲ್ಲಿ ಎಲ್ಲ ನಟ್ ಒಂದೇ ಡಬ್ಬಿಯಲ್ಲಿದ್ದರೆ ಇವತ್ತೇ ಬೇರೆ ಮಾಡಿ.

ಲೇತಿನ ಸ್ಟಡ್ ಬಗ್ಗೆ: ಆಕಾರ ಕರಾರುವಾಕ್ಕಾಗಿ ಬರುತ್ತದೆ, ಗುಣ ಬರುವುದಿಲ್ಲ. ಅಂಗಡಿಯಲ್ಲಿ ಕೈಗೆ ಸಿಗುವ ಎಂ.ಎಸ್. (ಸಾದಾ ಮೆದು ಉಕ್ಕಿನ) ರಾಡ್ ಚದರ ಮಿಲಿಮೀಟರಿಗೆ 250 ನ್ಯೂಟನ್ ಸುಮಾರಿಗೇ ಎಳೆದುಹೋಗುತ್ತದೆ. ನಿಮ್ಮ 40 ಪೌಂಡ್-ಅಡಿಯಲ್ಲಿ ಬೀಳುವುದು 500. ಅಂದರೆ ಮೊದಲ ಸಲ ಸರಿಯಾಗಿ ಬಿಗಿ ಮಾಡಿದಾಗಲೇ ಅದು ಕೆಟ್ಟಿತು. ಮೂಲ ಅಳತೆಯ ಸ್ಟಡ್ ಎಲ್ಲಿಯೂ ಸಿಗದೆ ತಿರುಗಿಸಲೇಬೇಕು ಎಂದಾದರೆ ಇಎನ್19 ಅಥವಾ ಇಎನ್24 ಉಕ್ಕು, ಅದೂ ಹದ ಕೊಟ್ಟ ‘ಟಿ’ ಸ್ಥಿತಿಯದ್ದು, ಎಂದು ಕೇಳಿ ಮಾಡಿಸಿ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಈ ಹೆಸರು ಹೇಳಿದರೆ ತಿಳಿಯುವ ವರ್ಕ್‌ಶಾಪುಗಳಿರುತ್ತವೆ. ಆದರೂ ಕತ್ತರಿಸಿ ಮಾಡಿದ ತ್ರೆಡ್, ಉರುಳಿಸಿ ಒತ್ತಿ ಮಾಡಿದ ಕಾರ್ಖಾನೆ ತ್ರೆಡ್ಡಿನಷ್ಟು ಬಾಳುವುದಿಲ್ಲ. ಇದು ಎರಡನೆಯ ಆಯ್ಕೆಯೇ.

ಮೊದಲ ಆಯ್ಕೆ ಮೂಲ ಅಳತೆಯ 3/8 ಯು.ಎನ್.ಎಫ್. ಸ್ಟಡ್. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡಿಗೂ ಅದೇ ಆದ್ದರಿಂದ ಆ ಕಾರಿನ ಬಿಡಿಭಾಗವಾಗಿ ಈಗಲೂ ಹೊಸದು ಸಿಗುತ್ತದೆ. ತರಿಸುವ ಮುನ್ನ ಹಳೇ ಸ್ಟಡ್ಡಿನ ನಾಲ್ಕು ಅಳತೆ ಬರೆದುಕೊಳ್ಳಿ: ತ್ರೆಡ್, ಸ್ಪ್ಲೈನಿನ ದಪ್ಪ, ಸ್ಪ್ಲೈನಿನ ಉದ್ದ, ತಲೆಯ ಕೆಳಗಿನಿಂದ ತುದಿಯವರೆಗಿನ ಉದ್ದ. ಸ್ಪ್ಲೈನ್ ದಪ್ಪದಲ್ಲಿ 0.1 ಮಿ.ಮೀ. ಕಡಿಮೆಯಿದ್ದರೂ ತಿರುಗುವ ಅಪಾಯವಿದೆ.

ಸ್ಟಡ್ ಹಾಕುವಾಗ ಹಬ್ ಬಿಚ್ಚಿಸಿ ಪ್ರೆಸ್ಸಿನಲ್ಲೇ ಮಾಡಿಸಿ. ಗಾಡಿಯ ಮೇಲೆ ಹಬ್ ಇರುವಾಗಲೇ ಸುತ್ತಿಗೆಯಿಂದ ಬಡಿದರೆ ಏಟು ಬೇರಿಂಗಿಗೆ ಬೀಳುತ್ತದೆ. ಪ್ರೆಸ್ ಇಲ್ಲದ ಕಡೆ ನಟ್ಟಿನಿಂದ ಎಳೆದು ಕೂರಿಸುತ್ತಾರೆ. ಹಾಗೆ ಮಾಡುವುದಾದರೆ ದಪ್ಪ ವಾಷರ್‌ಗಳನ್ನು ಗ್ರೀಸ್ ಹಚ್ಚಿ ಪೇರಿಸಿ, ಒಂದು ಹಳೇ ನಟ್ ಬಳಸಿ, ಕೆಲಸ ಮುಗಿದ ಮೇಲೆ ಆ ನಟ್ ಎಸೆದು, ಸ್ಟಡ್ಡಿಗೆ ತಗುಲಿದ ಗ್ರೀಸನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಕು. ಕೊನೆಗೆ ಹಬ್ಬಿನ ಹಿಂದೆ ತಲೆ ಸುತ್ತಲೂ ಅಂಟಿ ಕೂತಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ತಲೆಯ ಕೆಳಗೆ ಉಗುರು ಹೋಗುವಷ್ಟು ಸಂದಿ ಉಳಿದರೂ ಓಡುತ್ತ ಓಡುತ್ತ ಅದು ಒಳಗೆ ಸರಿದು, ಬಿಗಿ ಮಾಡಿದ ನಟ್ ಸಡಿಲಾಗುತ್ತದೆ.

ಈಗ ಬಿಗಿ ಮಾಡುವ ಕೆಲಸ. ಡಿಸ್ಕಿನ ಹಿಂಬದಿ, ಡ್ರಮ್ಮಿನ ಎರಡೂ ಮುಖ, ಹಬ್ಬಿನ ಮುಖ, ನಾಲ್ಕು ತೂತುಗಳ ಇಳಿಜಾರು, ಇಷ್ಟೂ ಕಡೆ ಪೇಂಟು, ತುಕ್ಕು ಹೋಗಿ ಬರಿ ಲೋಹ ಕಾಣುವ ಹಾಗೆ ವಯರ್ ಬ್ರಶ್ ಮತ್ತು ಪಾಲಿಶ್ ಪೇಪರಿನಿಂದ ಉಜ್ಜಿ. ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಆ ಡಿಸ್ಕ್ ಬೇಡ. ಕೋನ್ ಇರುವ ಬದಿ ಡಿಸ್ಕಿನ ಕಡೆಗಿರಲಿ. ಬೆರಳಿನಿಂದಲೇ ನಟ್ ಇಳಿಸಿ, ಸುತ್ತು ಎಣಿಸಿ: ಕೋನ್ ಕೂತ ಮೇಲೆ ಸ್ಟಡ್ಡಿನ ದಪ್ಪದಷ್ಟಾದರೂ ತ್ರೆಡ್ ಕಚ್ಚಿರಬೇಕು, ಹೆರಾಲ್ಡಿಗೆ ಅದು ಒಂಬತ್ತು ಸುತ್ತು, ಜೀಪಿಗೆ ಹತ್ತು. ಚಕ್ರ ಮೇಲಿರುವಾಗಲೇ ಎದುರುಬದುರು ಜೋಡಿಯಾಗಿ ಸಣ್ಣ ಪಾನಾದಿಂದ ಅರ್ಧ ಬಿಗಿ ಮಾಡಿ. ಒಂದೇ ನಟ್ಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಜಾಕ್ ಇಳಿಸಿ, ಅದೇ ಕ್ರಮದಲ್ಲಿ ಬಿಗಿ ಅಳೆಯುವ ಪಾನಾದಿಂದ, ಅಂದರೆ ಟಾರ್ಕ್ ರೆಂಚಿನಿಂದ, 40 ಪೌಂಡ್-ಅಡಿ. ಕ್ಲಿಕ್ ಎಂದ ತಕ್ಷಣ ಕೈಬಿಡಿ, ‘ಇರಲಿ’ ಎಂದು ಇನ್ನೊಂದು ಸಲ ಎಳೆಯಬೇಡಿ. ಜೀಪಿನ 1/2 ಇಂಚಿನ ಸ್ಟಡ್ಡಿಗೆ 70 ಪೌಂಡ್-ಅಡಿಯ ಸುತ್ತಮುತ್ತ, ಸುಮಾರು 95 ನ್ಯೂಟನ್-ಮೀಟರ್ ಸಾಕು. ನಿಮ್ಮ ಗಾಡಿಯ ಮ್ಯಾನುಯಲ್ ಇದ್ದರೆ ಅದರ ಅಂಕಿಯೇ ಅಂತಿಮ.

ದಾರಿಯಲ್ಲಿ ಪಂಕ್ಚರ್ ಆಗಿ ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಲೆಕ್ಕ ನೆನಪಿರಲಿ. 25 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ 22 ಕೆ.ಜಿ. ಬಲ ಹಾಕಿದರೆ ಹೆರಾಲ್ಡಿಗೆ ಬೇಕಾದ ಬಿಗಿ ಬಂದುಬಿಡುತ್ತದೆ, ಒಂದೇ ಕೈಯ ಗಟ್ಟಿ ಎಳೆತ ಅಷ್ಟೇ. 30 ಸೆಂ.ಮೀ. ಪಾನಾದ ಮೇಲೆ 60 ಕೆ.ಜಿ.ಯ ಮನುಷ್ಯ ಕಾಲಿಟ್ಟು ನಿಂತರೆ 176 ನ್ಯೂಟನ್-ಮೀಟರ್, ಬೇಕಾದ್ದಕ್ಕಿಂತ ಮೂರು ಪಟ್ಟು. ಪಾನಾಕ್ಕೆ ಪೈಪ್ ಸಿಕ್ಕಿಸುವುದಂತೂ ಬೇಡವೇ ಬೇಡ.

ಎಣ್ಣೆಯ ವಿಷಯ. ಟಾರ್ಕಿನ ಅಂಕಿ ಒಣ ತ್ರೆಡ್ಡಿಗೆ ಹೇಳಿದ್ದು. ಎಣ್ಣೆ ಹಚ್ಚಿದರೆ ತಿಕ್ಕಾಟ ಕಡಿಮೆಯಾಗಿ ಅದೇ 40 ಪೌಂಡ್-ಅಡಿಯಲ್ಲಿ ಎಳೆತ ಸುಮಾರು ಮೂರನೇ ಒಂದರಷ್ಟು ಏರುತ್ತದೆ, 500 ಇದ್ದದ್ದು 660 ದಾಟುತ್ತದೆ. 8.8ರ ಸ್ಟಡ್ ತಡೆಯುವುದು 640 ಎಂದೆನಲ್ಲ, ಅಲ್ಲಿಗೆ ಮುಗಿಯಿತು. ಆದ್ದರಿಂದ ತ್ರೆಡ್ ಬ್ರಶ್ ಮಾಡಿ ಒಣಗಿಯೇ ಇರಲಿ, ಕೋನ್ ಕೂರುವ ಜಾಗಕ್ಕಂತೂ ಏನೂ ಸೋಕಬಾರದು. ತುಕ್ಕಿನ ಚಿಂತೆ ನಮ್ಮ ಜಿಲ್ಲೆಯಲ್ಲಿ ಸುಳ್ಳಲ್ಲ. ಪೂರ್ತಿ ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಹೊರಗೆ ಕಾಣುವ ಸ್ಟಡ್ ತುದಿಗೆ ಬೆರಳಲ್ಲಿ ಚೂರು ಗ್ರೀಸ್ ಒತ್ತಿ ಬಿಡಿ. ಮಳೆ ನೀರೂ ಉಪ್ಪೂ ಒಳಗೆ ಇಳಿಯುವುದಿಲ್ಲ, ಟಾರ್ಕಿಗೂ ತೊಂದರೆಯಿಲ್ಲ. ಬೀಚಿನ ಮರಳಲ್ಲಿ ಓಡಿಸಿ ಬಂದ ದಿನ ಚಕ್ರಗಳಿಗೆ ಸಿಹಿನೀರು ಹೊಡೆಯಿರಿ.

ಮೊದಲ 50ರಿಂದ 80 ಕಿಲೋಮೀಟರ್ ಆದ ಮೇಲೆ ಎಲ್ಲ ನಟ್‌ಗಳಿಗೂ ಅದೇ 40ಕ್ಕೆ ರೆಂಚ್ ಇಟ್ಟು ನೋಡಿ. ಘಟ್ಟ ಇಳಿದು ಡ್ರಮ್ ಕಾದಿರುವಾಗ ಬೇಡ, ಪೂರ್ತಿ ತಣ್ಣಗಾಗಿರಲಿ. ಶಿರಸಿಯಿಂದ ಕುಮಟೆಗೆ ಒಮ್ಮೆ ಹೋದರೆ ಅಷ್ಟು ದೂರ ಆಗಿಬಿಡುತ್ತದೆ, ವಾಪಸ್ ಹತ್ತುವ ಮುಂಚೆ ಅಲ್ಲೇ ನೋಡುವುದು ಒಳ್ಳೆಯದು. ಮೊದಲ ಸಲ ನಟ್ ಸ್ವಲ್ಪ ತಿರುಗಿದರೆ ಗಾಬರಿ ಬೇಡ. ಎರಡನೇ ಸಲವೂ ತಿರುಗಿದರೆ ಚಕ್ರ ಬಿಚ್ಚಿ, ನಡುವೆ ಏನೋ ಉಳಿದಿದೆ ಅಥವಾ ಸ್ಟಡ್ಡಿನ ತಲೆ ಕೂತಿಲ್ಲ. ವೀಲ್ ಕ್ಯಾಪ್ ಇದನ್ನೆಲ್ಲ ಮುಚ್ಚಿಡುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ತೆಗೆದು ನೋಡಿ. ನಟ್ಟಿನ ಬುಡದಿಂದ ಕಣ್ಣೀರು ಇಳಿದ ಹಾಗೆ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ, ಅಥವಾ ಕೋನ್ ಸುತ್ತ ಲೋಹ ಉಜ್ಜಿ ಮಿರಿಮಿರಿ ಎನ್ನುತ್ತಿದ್ದರೆ, ಆ ನಟ್ ಅಲುಗುತ್ತಿದೆ.

ಜೀಪಿನ ಎಡಗಡೆಗೆ ಒಂದು ಕೆಲಸ ಮಾಡಿಡಿ. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಅಕ್ಷರ ಇದೆಯೇ, ನಟ್ಟಿನ ಮೂಲೆಗಳಲ್ಲಿ ಕಚ್ಚು ಇದೆಯೇ ನೋಡಿ. ಅಳಿಸಿಹೋಗಿದ್ದರೆ ತ್ರೆಡ್ಡಿನ ಓರೆ ನೋಡಿ: ಸ್ಟಡ್ ನೆಟ್ಟಗೆ ನಿಲ್ಲಿಸಿದಾಗ ಗೆರೆಗಳು ಬಲಕ್ಕೆ ಏರಿದರೆ ಬಲ ತ್ರೆಡ್, ಎಡಕ್ಕೆ ಏರಿದರೆ ಉಲ್ಟಾ. ಹಳೇ ಜೀಪುಗಳಲ್ಲಿ ಯಾವಾಗಲೋ ಹಬ್ ಬದಲಾಗಿ ಮುಂದೆ ಒಂದು ತರ, ಹಿಂದೆ ಒಂದು ತರ ಇರುವುದುಂಟು, ಆದ್ದರಿಂದ ನಾಲ್ಕೂ ಚಕ್ರ ಬೇರೆ ಬೇರೆಯಾಗಿ ನೋಡಬೇಕು. ಉಲ್ಟಾ ಇರುವ ಚಕ್ರದ ಡ್ರಮ್ಮಿನ ಮೇಲೆ, ಡಿಸ್ಕಿನ ಕಿಂಡಿಯಿಂದ ಕಾಣುವ ಜಾಗದಲ್ಲಿ, ಬಿಚ್ಚುವ ದಿಕ್ಕಿಗೆ ಬಿಳಿ ಪೇಂಟಿನಲ್ಲಿ ಬಾಣ ಬರೆಸಿ. ರಾತ್ರಿ ಹೊತ್ತು ದಾರಿ ಬದಿಯಲ್ಲಿ ಪಂಕ್ಚರ್ ಹುಡುಗ ಗನ್ ಹಿಡಿದು ಬಂದಾಗ ಆ ಬಾಣ ಅವನಿಗೆ ಕಾಣುವಂತಿರಬೇಕು.